ಆಟದ ಹಾಳೆಯಲ್ಲೂ ಹುಟ್ಟಿಗೇ ಮೊದಲ ಅಂಕ



ಇವತ್ತು ಒಂದು ಆಟದ ಬಗ್ಗೆ ಬರೀತಿದ್ದೀನಿ. ಒಳಮೀಸಲಾತಿ, ಪೌರಕಾರ್ಮಿಕರ ಕೆಲಸ ಕಾಯಂ ಮಾಡೋದು, ಹಾಸ್ಟೆಲ್ ಹುಡುಗರ ಊಟ ಎಲ್ಲಾ ಬಿಟ್ಟು ಇವನಿಗೆ ಆಟ ಯಾಕೆ ಬೇಕಾಯ್ತು ಅಂತ ಕೆಲವರು ಕೇಳ್ತೀರಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋರು ಹೊರತಂದದ್ದು. ಈಗ ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ, ಕಾಲೇಜು ಹುಡುಗ-ಹುಡುಗಿಯರ ಮನೆಗಳಲ್ಲಿ ಆಡ್ತಾರೆ. ನಾಲ್ಕೈದು ಜನ ಮೇಜಿನ ಸುತ್ತ ಕೂರ್ತಾರೆ. ಒಬ್ಬರು ಕಥೆ ನಡೆಸ್ತಾರೆ, ಯಕ್ಷಗಾನದ ಭಾಗವತರ ಥರ ಅಂದ್ಕೊಳ್ಳಿ. ಉಳಿದವರದ್ದು ಒಬ್ಬೊಬ್ಬರದ್ದು ಒಂದೊಂದು ಪಾತ್ರ. ಮುಂದೆ ಗುಹೆ ಇದೆ, ಒಳಗಿಂದ ಹೊಗೆ ಬರ್ತಿದೆ, ಏನು ಮಾಡ್ತೀರ ಅಂತ ಕಥೆ ನಡೆಸೋರು ಕೇಳ್ತಾರೆ. ನಾನು ಹಿಂದಿನ ದಾರಿ ಹುಡುಕ್ತೀನಿ ಅಂತ ಒಬ್ಬಳು ಹೇಳ್ತಾಳೆ. ದಾರಿ ಸಿಕ್ತೋ ಇಲ್ವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. ಇಷ್ಟೇ ಆಟ.

ಆದ್ರೆ ಆಡೋಕೆ ಮುಂಚೆ ಪ್ರತಿಯೊಬ್ಬರೂ ಒಂದು ಹಾಳೆ ತುಂಬಿ ತಮ್ಮ ಪಾತ್ರ ಕಟ್ಟಬೇಕು. ನನಗೆ ಆಟಕ್ಕಿಂತ ಈ ಹಾಳೆ ಮುಖ್ಯ ಅನ್ನಿಸ್ತು. ಆಫೀಸಲ್ಲಿ ದಿನವಿಡೀ ಅರ್ಜಿ ನಮೂನೆ ನೋಡೋ ಗುಮಾಸ್ತ ನಾನು. ಯಾವ ಖಾನೆ ಯಾಕಿದೆ ಅಂತ ನೋಡೋದು ಅಭ್ಯಾಸ ಆಗಿಹೋಗಿದೆ.

ಹಾಳೆಯಲ್ಲಿ ಆರು ಗುಣ ಇವೆ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ ದಾಳ ಹಾಕಿ ಅಂಕ ಬರ್ಕೋಬೇಕು. ಅದು ಬೇಡ ಅಂದ್ರೆ ಎಲ್ಲರಿಗೂ ಅದೇ ಆರು ಸಂಖ್ಯೆ ಕೊಡ್ತಾರೆ, 15, 14, 13, 12, 10, 8. ಯಾವುದನ್ನ ಯಾವ ಗುಣಕ್ಕೆ ಇಟ್ಕೋತೀರೋ ನಿಮ್ಮಿಷ್ಟ. ಇಲ್ಲಿವರೆಗೆ ಎಷ್ಟು ಚೆನ್ನಾಗಿದೆ ನೋಡಿ. ದಾಳಕ್ಕೆ ಜಾತಿ ಗೊತ್ತಿಲ್ಲ.

ಆದ್ರೆ ಸುಮಾರು ಐವತ್ತು ವರ್ಷ ಆ ಹಾಳೆಯಲ್ಲಿ ಇನ್ನೊಂದು ಖಾನೆ ಇತ್ತು. ರೇಸ್. ನೀನು ಮನುಷ್ಯನಾ, ಎಲ್ಫಾ, ಡ್ವಾರ್ಫಾ, ಅರ್ಧ-ಆರ್ಕಾ? ಅಂದ್ರೆ ಯಾರ ಹೊಟ್ಟೇಲಿ ಹುಟ್ಟಿದೆ? ಉತ್ತರ ಬರೆದ ತಕ್ಷಣ ಅಂಕ ಏರೋದು, ಇಳಿಯೋದು. ದಾಳ ಎಲ್ಲರಿಗೂ ಒಂದೇ ಆದ್ರೂ ಹುಟ್ಟು ಬಂದು ಅದನ್ನ ತಿದ್ದುತ್ತಿತ್ತು.

1978ರ ನಿಯಮ ಪುಸ್ತಕ ನೋಡಿದ್ರೆ ನಿಮಗೆ ಯಾವುದೋ ಪರಿಚಯದ ಕಡತ ಓದಿದ ಹಾಗೆ ಆಗುತ್ತೆ. ಆರ್ಕ್ ರಕ್ತ ಇರೋ ಪಾತ್ರಕ್ಕೆ ಬಲ ಜಾಸ್ತಿ, ವರ್ಚಸ್ಸು ಕಡಿಮೆ. ಹೆಣ್ಣು ಪಾತ್ರದ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ. ಅದಕ್ಕಿಂತ ದೊಡ್ಡದು ಬಡ್ತಿಯ ಮಿತಿ. ಈ ಆಟದಲ್ಲಿ ಅನುಭವ ಗಳಿಸಿದ ಹಾಗೆ ಪಾತ್ರ ಒಂದೊಂದೇ ಮೆಟ್ಟಿಲು ಮೇಲೆ ಹೋಗುತ್ತೆ. ಮನುಷ್ಯರಿಗೆ ಈ ಥರ ಮಿತಿ ಇರಲಿಲ್ಲ. ಅರ್ಧ-ಆರ್ಕ್ ಯೋಧ ಆದ್ರೆ 10ನೇ ಮೆಟ್ಟಿಲಿಗೆ ನಿಲ್ಲಬೇಕು. ಪೂಜೆ-ಮಂತ್ರದ ಕಸುಬು ಹಿಡಿದ್ರೆ 4ನೇ ಮೆಟ್ಟಿಲಿಗೇ ಮುಗೀತು. ಮಿತಿ ಇಲ್ಲದೆ ಬೆಳೆಯೋಕೆ ಅವನಿಗೆ ಬಿಟ್ಟಿದ್ದ ದಾರಿ ಒಂದೇ ಒಂದು, ಬಾಡಿಗೆ ಕೊಲೆಗಾರನ ಕಸುಬು. ಪುಸ್ತಕ ಬರೆದವರಿಗೆ ನಮ್ಮ ದೇಶದ ಜಾತಿ ನೆನಪಿತ್ತು ಅಂತ ನಾನು ಹೇಳ್ತಿಲ್ಲ. ಜಾತಿ ಗೊತ್ತಿಲ್ಲದ ಊರಲ್ಲಿ ಕೂತು ಕಲ್ಪನೆ ಮಾಡಿದ್ರೂ ಕೈ ಅದೇ ಏಣಿ ಕಟ್ಟಿತು ಅಂತ ಹೇಳ್ತಿದ್ದೀನಿ.

ಬಡ್ತಿ ಅಂದಾಗ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಡ್ತಿ ಮೀಸಲಾತಿಯ ಜೇಷ್ಠತೆ ಬಗ್ಗೆ ಕರ್ನಾಟಕ ಮಾಡಿದ್ದ ಕಾಯ್ದೆಯನ್ನ 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪವಿತ್ರ ಪ್ರಕರಣದಲ್ಲಿ ಹೊಡೆದುಹಾಕ್ತು. ಹೊಸ ಕಾಯ್ದೆ ಬಂದು, 2019ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಅದನ್ನ ಎತ್ತಿಹಿಡಿಯೋವರೆಗೆ ಎಷ್ಟು ಮನೆಗಳಲ್ಲಿ ಜೇಷ್ಠತಾ ಪಟ್ಟಿ ಮಡಚಿಟ್ಕೊಂಡು ನಿದ್ದೆಗೆಟ್ಟರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೆಟ್ಟಿಲಿಗೆ ಮಿತಿ ಹಾಕೋದು ನಮಗೆ ಆಟದ ಮಾತಲ್ಲ.

1981ರಲ್ಲಿ ಬಂದ ಇನ್ನೊಂದು ಆವೃತ್ತಿ ಇನ್ನೂ ಸರಳ. ಅದರಲ್ಲಿ ಮನುಷ್ಯ ಯೋಧ ಆಗಬಹುದು, ಪೂಜಾರಿ ಆಗಬಹುದು, ಮಾಂತ್ರಿಕ ಆಗಬಹುದು, ಕಳ್ಳನೂ ಆಗಬಹುದು. ಡ್ವಾರ್ಫ್ ಏನಾಗಬಹುದು? ಡ್ವಾರ್ಫ್. ಎಲ್ಫ್? ಎಲ್ಫ್. ಕಸುಬಿನ ಖಾನೆಯಲ್ಲೇ ಹುಟ್ಟು ಬರೆದಿತ್ತು.

ನಮಗೆ ಇದು ಹೊಸದಾ? ಚಾಮರಾಜಪೇಟೆಯಿಂದ ಸಿಟಿ ಮಾರ್ಕೆಟ್ ದಾಟಿ ಹಳೇ ಪೇಟೆ ಒಳಗೆ ನಡೀರಿ. ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆ, ಆಚೆ ಉಪ್ಪಾರಪೇಟೆ. ಹುಟ್ಟು, ಕಸುಬು, ವಿಳಾಸ, ಮೂರೂ ಒಂದೇ ಬೋರ್ಡಿನ ಮೇಲೆ. ಬೀದಿ ಗುಡಿಸಿದವರ ಹೆಸರಿನ ಪೇಟೆ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಜಾತಿ ಬರೀ ಕೆಲಸ ಹಂಚೋದಿಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಮೇಲೆ-ಕೆಳಗೆ ಜೋಡಿಸುತ್ತೆ ಅನ್ನೋದನ್ನ ಬಾಬಾಸಾಹೇಬರು 1936ರಲ್ಲೇ ಬಿಡಿಸಿಟ್ಟಿದ್ದಾರೆ. ಕಾರಂತರ 'ಚೋಮನ ದುಡಿ' ಬಂದಿದ್ದು 1933ರಲ್ಲಿ. ಚೋಮನ ಹತ್ತಿರ ಎತ್ತು ಇತ್ತು, ತೋಳಲ್ಲಿ ಕಸುವು ಇತ್ತು, ಆಸೆ ಇತ್ತು. ಬೇಸಾಯಗಾರ ಅನ್ನೋ ಖಾನೆ ಮಾತ್ರ ಅವನಿಗೆ ತೆರೆದಿರಲಿಲ್ಲ.

ಈಗ ಒಳ್ಳೆ ಸುದ್ದಿ. ಹಾಳೆ ಬದಲಾಗಿದೆ. 2016ರಲ್ಲಿ ಬಂದ ಪುಸ್ತಕವೊಂದರಲ್ಲಿ ಆರ್ಕ್ ಪಾತ್ರ ಮಾಡಿದ್ರೆ ಬುದ್ಧಿಯಲ್ಲಿ 2 ಅಂಕ ಕಡಿತ ಆಗ್ತಿತ್ತು. 2020ರಲ್ಲಿ ಅದನ್ನ ತೆಗೆದ್ರು. ಜಾರ್ಜ್ ಫ್ಲಾಯ್ಡ್ ಕೊಲೆ ಆಗಿ ಅಮೆರಿಕದ ಬೀದಿ ಹೊತ್ತಿ ಉರೀತಿದ್ದ ವರ್ಷ ಅದು. ನಿಜವಾದ ಜನಾಂಗಗಳನ್ನ ಹೀನಾಯ ಮಾಡಿದ ರೀತಿಯಲ್ಲೇ ನಮ್ಮ ಆಟದ ಕೆಲವು ಕುಲಗಳನ್ನ ಚಿತ್ರಿಸಿದ್ದೀವಿ ಅಂತ ಕಂಪನಿಯೇ ಒಪ್ಕೊಂಡಿತು. ಹುಟ್ಟಿನ ಅಂಕವನ್ನ ಬೇಕಾದ ಗುಣಕ್ಕೆ ಹಾಕ್ಕೊಳ್ಳಿ ಅಂತ ಅದೇ ವರ್ಷ ಹೊಸ ನಿಯಮ ಬಂತು. 2024ರ ಪುಸ್ತಕದಲ್ಲಿ ರೇಸ್ ಅನ್ನೋ ಪದವೇ ಹೋಯ್ತು, ಅಂಕಕ್ಕೂ ಹುಟ್ಟಿಗೂ ಇದ್ದ ಗಂಟು ಬಿಚ್ಚಿಹೋಯ್ತು. ಇದು ಕಂಪನಿಯ ದಯೆ ಅಲ್ಲ. ಕೇಳಿದವರು ಇದ್ರು, ಅದಕ್ಕೇ ಆಯ್ತು.

ಆದ್ರೆ ಗುಮಾಸ್ತನ ಕಣ್ಣು ಸುಮ್ಮನಿರಲ್ವಲ್ಲ. ಅಂಕ ಹುಟ್ಟಿನಿಂದ ಬಿಟ್ಟು ಎಲ್ಲಿಗೆ ಹೋಯ್ತು ಅಂತ ನೋಡಿದೆ. ಹಿನ್ನೆಲೆ ಅನ್ನೋ ಖಾನೆಗೆ ಹೋಗಿದೆ. ಪಾತ್ರ ಮುಂಚೆ ಏನು ಮಾಡ್ಕೊಂಡಿತ್ತು ಅನ್ನೋದು. ಒಟ್ಟು 16 ಹಿನ್ನೆಲೆ, ಒಂದೊಂದಕ್ಕೂ ಮೂರು ಗುಣ. ಕುಲೀನ ಮನೆತನದವನಿಗೆ ಬಲ, ಬುದ್ಧಿ, ವರ್ಚಸ್ಸು. ಪಂಡಿತನಿಗೆ ತಾಳಿಕೆ, ಬುದ್ಧಿ, ವಿವೇಕ. ಲಿಪಿಕಾರ ಅಂದ್ರೆ ನಮ್ಮ ಗುಮಾಸ್ತನಿಗೆ ಚುರುಕು, ಬುದ್ಧಿ, ವಿವೇಕ, ನಾನು ಬೇಡ ಅನ್ನಲ್ಲ. ರೈತನಿಗೆ? ಬಲ, ತಾಳಿಕೆ, ವಿವೇಕ. ಬುದ್ಧಿ ಇಲ್ಲ, ವರ್ಚಸ್ಸು ಇಲ್ಲ. ಗೇಯೋನಿಗೆ ಮೈಕಸುವು, ಸಹನೆ, ಸ್ವಲ್ಪ ಅನುಭವದ ಮಾತು. ಓದೋನಿಗೆ ಬುದ್ಧಿ. ಮುಂಬಾಗಿಲಿಂದ ಹೊರಗೆ ಕಳಿಸಿದ್ದು ಹಿತ್ತಲ ಬಾಗಿಲಿಂದ ಅರ್ಧ ಒಳಗೆ ಬಂದಿದೆ.

ಇಲ್ಲೇ ನಮ್ಮ ಕೆಲಸ ಇರೋದು. ಆಟ ನಡೆಸೋರು ಒಪ್ಪಿದ್ರೆ ಹೊಸ ಹಿನ್ನೆಲೆ ಕಟ್ಟಿಕೊಳ್ಳೋಕೆ ನಿಯಮವೇ ಅವಕಾಶ ಕೊಡುತ್ತೆ. ಹಾಗಿದ್ರೆ ನೀರುಗಂಟಿಯನ್ನ ತಗೊಳ್ಳಿ. ಹಳೇ ಮೈಸೂರು ಕಡೆ ಎಷ್ಟೋ ಊರುಗಳಲ್ಲಿ ಕೆರೆ ತೂಬು ಎತ್ತೋನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ಲೆಕ್ಕ ಇಟ್ಕೊಳ್ಳೋನು, ಬರ ಬಂದ ವರ್ಷ ಇರೋ ನೀರನ್ನ ಜಗಳ ಆಗದ ಹಾಗೆ ಹಂಚೋನು ನಮ್ಮ ಕೇರಿಯವನೇ. ಕಾಗದ ಇಲ್ಲದೆ ಇಡೀ ಬಯಲಿನ ನಕ್ಷೆ ತಲೇಲಿ ಇಟ್ಕೊಂಡಿದ್ದೋನು. ಊರಿಗೆಲ್ಲ ನೀರು ಹಂಚಿ, ಊರ ಬಾವಿ ಮುಟ್ಟಂಗಿರಲಿಲ್ಲ. ಅವನಿಗೆ ಬುದ್ಧಿಯ ಅಂಕ ಕೊಡದೆ ಇನ್ಯಾರಿಗೆ ಕೊಡ್ತೀರ? ಸೂಲಗಿತ್ತಿ ಅಜ್ಜಿಯನ್ನ ತಗೊಳ್ಳಿ. ಕತ್ತಲಲ್ಲಿ ಬೆರಳ ತುದಿಯಿಂದಲೇ ಮಗು ತಿರುಗಿದೆಯಾ ಅಂತ ಹೇಳೋಳು. ಚುರುಕು, ಬುದ್ಧಿ, ವಿವೇಕ ಮೂರೂ ಬರೀರಿ. ತಮಟೆಯವರನ್ನ ತಗೊಳ್ಳಿ. ಮದುವೆಗೆ ಯಾವ ಹೊಡೆತ, ಸಾವಿಗೆ ಯಾವ ಹೊಡೆತ ಅಂತ ಗೊತ್ತಿದ್ದು, ನಿಂತ ಜಾಗದಲ್ಲಿ ಜನರನ್ನ ಕುಣಿಸೋರು. ವರ್ಚಸ್ಸು ಅಂದ್ರೆ ಅದೇ ಅಲ್ವಾ?

ಇದೆಲ್ಲ ನನ್ನ ತಲೆಗೆ ಬಂದಿದ್ದು ಅಕ್ಕನ ಮಗಳಿಂದ. ಇಂಜಿನಿಯರಿಂಗ್ ಓದ್ತಾಳೆ. ಭಾನುವಾರ ಬಸವನಗುಡಿಯಲ್ಲಿ ಕ್ಲಾಸ್‌ಮೇಟ್ ಒಬ್ಬಳ ಮನೇಲಿ ಆಡೋಕೆ ಹೋಗ್ತಾಳೆ. ಅವಳ ಗುಂಪಿನ ಪಾತ್ರಗಳ ಹಾಳೆ ತೋರಿಸಿದಳು. ಒಬ್ಬನ ಪಾತ್ರಕ್ಕೆ ಕಳೆದುಹೋದ ಅರಮನೆ, ಇನ್ನೊಬ್ಬಳ ಪಾತ್ರಕ್ಕೆ ಏಳು ತಲೆಮಾರಿನ ಮಾಂತ್ರಿಕರ ವಂಶ, ಮನೆಯಲ್ಲಿ ಗ್ರಂಥ ಭಂಡಾರ. ಇವಳ ಹಾಳೆಯಲ್ಲಿ ಅನಾಥೆ, ಊರು ಗೊತ್ತಿಲ್ಲ ಅಂತಷ್ಟೇ ಇತ್ತು.

"ಯಾಕಮ್ಮ, ಅಪ್ಪ-ಅಮ್ಮನ್ನ ಸಾಯಿಸಿಬಿಟ್ಟೆ?" ಅಂದೆ ನಗ್ತಾ.

"ಅನಾಥೆ ಅಂದ್ರೆ ಯಾರೂ ಮುಂದೆ ಏನೂ ಕೇಳಲ್ಲ ಮಾಮ" ಅಂದಳು.

ಅವಳು ತಮಾಷೆಗೇ ಹೇಳಿದ್ಲು. ಆದ್ರೆ ಯೋಚನೆ ಮಾಡಿ. ಡ್ರ್ಯಾಗನ್ ಹಾರೋ ಲೋಕದಲ್ಲಿ, ಏನು ಬೇಕಾದ್ರೂ ಆಗಬಹುದಾದ ಲೋಕದಲ್ಲಿ, ನಮ್ಮ ಮಗು ಮೊದಲು ಕೇಳಿಕೊಂಡ ವರ ಯಾವುದು? ಊರು ಯಾವುದು, ಮನೆ ಎಲ್ಲಿ, ನಿಮ್ಮಪ್ಪ ಏನು ಮಾಡ್ತಾರೆ ಅಂತ ಯಾರೂ ಕೇಳದೆ ಇರೋದು. ಈ ಪ್ರಶ್ನೆಗಳಿಂದ ಏನು ತಿಳ್ಕೋಬೇಕು ಅಂತಿರ್ತಾರೆ ಅನ್ನೋದು ಬಾಡಿಗೆ ಮನೆ ಹುಡುಕಿದ ನಮಗೆಲ್ಲ ಗೊತ್ತು. ಅರಮನೆ ಬರ್ಕೊಂಡ ಹುಡುಗನದ್ದು ತಪ್ಪಿಲ್ಲ. ಅವನ ಕಲ್ಪನೆಗೆ ವಂಶ ಅಂದ್ರೆ ಆಸ್ತಿ. ಇವಳ ಕಲ್ಪನೆಗೆ ವಂಶ ಅಂದ್ರೆ ವಿಚಾರಣೆ. ಅನಾಥೆ ಪಾತ್ರ ಆಯ್ಕೆ ಮಾಡೋದು ತಪ್ಪಲ್ಲ, ಅದು ಬಿಟ್ಟು ಬೇರೆ ದಾರಿ ಕಾಣದೆ ಹೋಗೋದು ತಪ್ಪು. ಆ ತಪ್ಪು ಅವಳದ್ದಲ್ಲ.

ನಮ್ಮ ಮಕ್ಕಳಿಗೆ ಕಲ್ಪನೆಯ ಬಂಡವಾಳ ಇಲ್ವಾ? ಚಾಮರಾಜನಗರ, ಮಂಡ್ಯ, ಮೈಸೂರು ಕಡೆ ನೀಲಗಾರರು ರಾತ್ರಿಯಿಡೀ ಹಾಡೋ ಮಂಟೇಸ್ವಾಮಿ ಕಾವ್ಯದಲ್ಲಿ ಏನಿಲ್ಲ ಹೇಳಿ. ಹೇಸಿಗೆಯ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು, ದೊಡ್ಡದೊಡ್ಡ ಶರಣರನ್ನೇ ಪರೀಕ್ಷೆ ಮಾಡಿದ ಮಂಟೇಸ್ವಾಮಿ ಇದ್ದಾನೆ. ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣ ಭಿಕ್ಷೆ ಕೇಳೋಕೆ ಹೋಗಿ, ಅವರು ಒಡ್ಡಿದ ಪವಾಡಗಳನ್ನೆಲ್ಲ ಗೆದ್ದು ಬಂದ ಸಿದ್ದಪ್ಪಾಜಿ ಇದ್ದಾನೆ. ದೇವನೂರರ 'ಕುಸುಮಬಾಲೆ'ಯಲ್ಲಿ ರಾತ್ರಿ ದೀಪದ ಜೋತಮ್ಮಗಳು ಸೇರಿ ಸುಖದುಃಖ ಮಾತಾಡ್ತವೆ. ಇಂಥ ಪರಂಪರೆ ಇರೋ ಮಕ್ಕಳು ಎಲ್ಫಿನ ಕಿವಿ ಅಂಟಿಸಿಕೊಂಡು, ಅಪ್ಪ-ಅಮ್ಮ ಇಲ್ಲ ಅಂತ ಬರ್ಕೊಂಡು ಯಾಕೆ ಕೂರಬೇಕು?

ಇನ್ನೊಂದು ಮಾತು. ಈ ಆಟದ 1977ರ ರಾಕ್ಷಸ-ಪಿಶಾಚಿಗಳ ಪುಸ್ತಕದಲ್ಲಿ ನಮ್ಮ ದೇಶದ ಹೆಸರಲ್ಲೇ ಒಂದು ಜೀವಿ ಇದೆ, ಹೆಸರು ರಾಕ್ಷಸ. ಹುಲಿ ತಲೆ, ಮೈಮೇಲೆ ಕೋಟು, ಕೈಯಲ್ಲಿ ಪೈಪು. ನೋಡೋಕೆ ತಮಾಷೆ. ಆದ್ರೆ ಸ್ವಭಾವದ ಖಾನೆಯಲ್ಲಿ ಇಡೀ ಕುಲಕ್ಕೇ ಕೆಟ್ಟದ್ದು ಅಂತ ಮುದ್ರೆ. ಬಲಿ ಚಕ್ರವರ್ತಿ ರಾಕ್ಷಸ ಅಲ್ಲ, ನ್ಯಾಯವಂತ ದೊರೆ ಅಂತ ಜ್ಯೋತಿಬಾ ಫುಲೆ 1873ರ 'ಗುಲಾಮಗಿರಿ'ಯಲ್ಲಿ ಕಥೆಯನ್ನೇ ತಿರುಗಿಸಿಟ್ಟರು. ಮೈಸೂರಲ್ಲಿ ಮಹಿಷ ದಸರಾ ಮಾಡೋ ಗೆಳೆಯರು ಕೇಳ್ತಿರೋದೂ ಅದನ್ನೇ. ಹುಟ್ಟಿನಿಂದಲೇ ಕೆಟ್ಟವರು ಅಂತ ಒಂದು ಕುಲವನ್ನ ಬರೆದಿಟ್ಟ ಮೇಲೆ, ಅವರನ್ನ ಕೊಂದವನು ತಾನಾಗೇ ವೀರ ಆಗ್ತಾನೆ. ಆಟದ ಮೇಜಿನ ಮೇಲೂ ಈ ಪ್ರಶ್ನೆ ಇಡಬೇಕು.

ಆಟದಲ್ಲೂ ಜಾತಿ ತರ್ತೀರಾ ಅಂತ ಕೇಳೋರು ಬಂದೇ ಬರ್ತಾರೆ. ನಾವು ತಂದಿಲ್ಲ ಸ್ವಾಮಿ. ಖಾನೆ ಮೊದಲೇ ಇತ್ತು, ನಾವು ಓದಿ ಹೇಳ್ತಿದ್ದೀವಿ.

ನಮ್ಮ ಕಡೆಯವರಿಗೂ ಒಂದು ಎಚ್ಚರಿಕೆ. ಹಾಳೆಗೆ ಅಸ್ಪೃಶ್ಯ ಅಂತ ಹೊಸ ಖಾನೆ ಸೇರಿಸಿ, ಅವಮಾನಕ್ಕೆ ಇಷ್ಟು ಅಂಕ ಅಂತ ಕೊಡೋದು ಬೇಡವೇ ಬೇಡ. ನಮ್ಮ ನೋವು ಯಾರೋ ಭಾನುವಾರ ಹಾಕ್ಕೊಂಡು ಬಿಚ್ಚಿಡೋ ವೇಷ ಆಗಬಾರದು. ಅಂಕ ಕೊಡಬೇಕಾಗಿರೋದು ನಮ್ಮವರ ಕೆಲಸದೊಳಗಿನ ಅರಿವಿಗೆ.

ಇದು ಉಳ್ಳವರ ಮಕ್ಕಳ ಟೈಮ್‌ಪಾಸ್, ನಮಗ್ಯಾಕೆ ಅನ್ನೋ ಗೆಳೆಯರಿಗೆ ಒಂದು ಹೆಸರು ನೆನಪಿಸ್ತೀನಿ. ರೋಹಿತ್ ವೇಮುಲ. 2016ರ ಜನವರಿ 17ರಂದು ನಾವು ಕಳ್ಕೊಂಡ ಆ ಹುಡುಗನಿಗೆ ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯೋನು ಆಗಬೇಕು ಅಂತ ಆಸೆ ಇತ್ತು. ನಕ್ಷತ್ರದ ಬಗ್ಗೆ ಕನಸು ಕಾಣೋದು ನಮ್ಮ ಮಕ್ಕಳಿಗೆ ಐಷಾರಾಮ ಅಂತ ನಾವೇ ಹೇಳಿದ್ರೆ, ಬೇರೆಯವರು ಹೇಳೋದಕ್ಕೂ ನಮ್ಮ ಮಾತಿಗೂ ಏನು ವ್ಯತ್ಯಾಸ?

ಖರ್ಚಿನ ಮಾತಿಗೆ ಬಂದ್ರೆ, ದುಬಾರಿ ಪುಸ್ತಕ ಬೇಕಿಲ್ಲ. ಆಟದ ಮೂಲ ನಿಯಮಗಳನ್ನ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಅಂದ್ರೆ ಅವರ ಹೆಸರು ನಮೂದಿಸಿ ಯಾರು ಬೇಕಾದ್ರೂ ಕನ್ನಡಕ್ಕೆ ತರಬಹುದು, ಬದಲಾಯಿಸಬಹುದು, ಹಂಚಬಹುದು. ದಾಳ ಇಲ್ಲದಿದ್ರೆ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ ಎತ್ತಿಸಿ. ಪೆನ್ಸಿಲು, ಹಾಳೆ, ಐದು ಜನ ಮಕ್ಕಳು, ಕಥೆ ಹೇಳೋಕೆ ಬರೋ ಒಬ್ಬ ಅಕ್ಕನೋ ಅಣ್ಣನೋ ಇದ್ರೆ ಸಾಕು.

ಅದಕ್ಕೇ ನನ್ನ ಕೋರಿಕೆ. ಹಾಸ್ಟೆಲ್‌ಗಳಲ್ಲಿ, ಕೇರಿಯ ಅಂಬೇಡ್ಕರ್ ಸಂಘಗಳಲ್ಲಿ, ಸಂಜೆ ಟ್ಯೂಷನ್‌ಗಳಲ್ಲಿ ಇದನ್ನ ಆಡಿಸೋಣ. ನಾನು ಹಿನ್ನೆಲೆಗಳ ಕನ್ನಡ ಪಟ್ಟಿ ಶುರು ಮಾಡಿದ್ದೀನಿ: ನೀರುಗಂಟಿ, ಸೂಲಗಿತ್ತಿ, ತಮಟೆಯವರು, ನೀಲಗಾರರು. ನಿಮ್ಮ ಊರಲ್ಲಿ ನಿಮ್ಮ ಅಜ್ಜ-ಅಜ್ಜಿ ಮಾಡ್ತಿದ್ದ ಕೆಲಸ ಯಾವುದು, ಅದಕ್ಕೆ ಏನೇನು ತಿಳಿದಿರಬೇಕಿತ್ತು ಅಂತ ಬರೆದು ಕಳಿಸಿ. ಯಾವ ಗುಣಕ್ಕೆ ಎಷ್ಟು ಅಂಕ ಅಂತ ಕೂತು ಜಗಳ ಆಡಿ ತೀರ್ಮಾನ ಮಾಡೋಣ.

ಜೈ ಭೀಮ್.