ಗಡಿ ದಾಟಿದ್ದು ಚೀಲ ಮಾತ್ರ

ದುಬೈಗೆ ನಾಲ್ಕು ಪೆಟ್ಟಿಗೆ ಮಾಲು ಕಳಿಸಿದರೆ ಸಾಕು, ಅಂಗಡಿಯ ಬೋರ್ಡಿನ ಮೇಲೆ ಭೂಗೋಳದ ಚಿತ್ರ ಬಂದುಬಿಡುತ್ತದೆ. "ನಾವೀಗ ಅಂತಾರಾಷ್ಟ್ರೀಯ ಕಂಪೆನಿ" ಎಂಬ ಜಾಹೀರಾತು ಬೇರೆ. ಉರ್ದು ಶಾಲೆಯಲ್ಲಿ ನಾವು ಇದಕ್ಕೆ 'ಬೈನುಲ್ ಅಕ್ವಾಮಿ' ಎಂಬ ಪದ ಕಲಿತಿದ್ದೆವು. ಜನಾಂಗಗಳ ನಡುವಿನದು ಎಂದರ್ಥ. ನಡುವೆ ಎಂದ ಮೇಲೆ ಎರಡೂ ಕಡೆಯವರಿಗೆ ಮಾತಾಡುವ ಬಾಯಿ ಇರಬೇಕಲ್ಲವೇ?

ಸರಕು ಹಡಗು ಹತ್ತುವುದೇ ದೊಡ್ಡದಾದರೆ ನಮ್ಮ ಕಾಫಿ ಬೆಳೆಗಾರ ಯಾವಾಗಲೋ ಅಂತಾರಾಷ್ಟ್ರೀಯ ವ್ಯಾಪಾರಿ ಆಗಬೇಕಿತ್ತು. ಈ ಬೆಳೆ ಬಂದದ್ದೇ ಸಮುದ್ರ ದಾಟಿ; ಬಾಬಾಬುಡನ್ ಅವರು ಯೆಮನ್ನಿನ ಮೋಖಾದಿಂದ ಏಳು ಬೀಜ ತಂದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಇಂದು ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ದೇಶದ ಬೆಳೆಯ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಅದರಲ್ಲೂ ಇಟಲಿಗೆ. ಆದರೆ ಅರೇಬಿಕಾದ ಧಾರಣೆ ನಿಲ್ಲುವುದು ನ್ಯೂಯಾರ್ಕಿನಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ. ಮೂಡಿಗೆರೆಯ ಮೂರೆಕರೆಯವನು ಬೆಳಿಗ್ಗೆ ಎದ್ದು ಅದನ್ನು ಕೇಳಿ ತಿಳಿಯಬೇಕು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 90ರ ದಶಕದ ನಡುವೆ ಇಲ್ಲಿ ಕಾಫಿ ಮಂಡಳಿಯ ಪೂಲ್ ಹೋಯಿತು. 2001ರ ಹೊತ್ತಿಗೆ ಧಾರಣೆ ಪಾತಾಳ ಕಂಡಿತು. ಈ ಯಾವ ತೀರ್ಮಾನವನ್ನೂ ಅವನು ಮಾಡಿರಲಿಲ್ಲ, ಸಾಲ ಮಾತ್ರ ಅವನದಾಯಿತು. 2024-25ರಲ್ಲಿ ಬೆಲೆ ದಾಖಲೆಗೇರಿದ್ದು ನಿಜ. ಅದಕ್ಕೂ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬೀಳಬೇಕಾಯಿತು!

ಸ್ವೀಡನ್ನಿನ ಉಪ್ಸಾಲದ ಯೊಹಾನ್ಸನ್ ಮತ್ತು ವಾಲ್ನೆ 1977ರಲ್ಲೇ ಹೇಳಿದ್ದರು: ಹೊರನಾಡಿನ ಪೇಟೆಯನ್ನು ಅರಿತಷ್ಟೇ ಉದ್ಯಮ ಅಲ್ಲಿ ಮೆಟ್ಟಿಲು ಹತ್ತುತ್ತದೆ. ಏಜೆಂಟನ ಮೂಲಕ ರಫ್ತು ಮಾಡುವುದು ಕೆಳಗಿನ ಮೆಟ್ಟಿಲು. ಸ್ವಂತ ಮಾರಾಟ ಕಚೇರಿ, ಕಾರ್ಖಾನೆ ಆಮೇಲಿನವು. ತನ್ನ ಬೀಜವನ್ನು ಹುರಿದವರಾರು, ಯಾವ ಹೆಸರಿನಲ್ಲಿ ಮಾರಿದರು ಎಂದೇ ತಿಳಿಯದವನನ್ನು ಎಷ್ಟನೇ ಮೆಟ್ಟಿಲಲ್ಲಿ ನಿಲ್ಲಿಸುತ್ತೀರಿ?

2006ರಲ್ಲಿ ಟಾಟಾ ಕಾಫಿ 22 ಕೋಟಿ ಡಾಲರ್ ಕೊಟ್ಟು ಅಮೆರಿಕದ 'ಎಯ್ಟ್ ಓ ಕ್ಲಾಕ್' ಕಾಫಿಯನ್ನೇ ಕೊಂಡಿತು. ಕೊಡಗಿನಲ್ಲಿ ತೋಟವಿದ್ದ ಕಂಪೆನಿ, ಕುಡಿಯುವವರ ಊರಿನಲ್ಲಿ ತನ್ನದೇ ಹೆಸರು, ತನ್ನದೇ ಬೆಲೆಪಟ್ಟಿ. ಅದನ್ನು ಅಂತಾರಾಷ್ಟ್ರೀಯ ಎನ್ನಿ, ಒಪ್ಪುತ್ತೇನೆ. ಮೂರೆಕರೆಯವನಿಗೆ 22 ಕೋಟಿ ಡಾಲರ್ ಬೇಡ. ಹತ್ತೂರಿನವರು ಸಂಘ ಕಟ್ಟಿ, ತಾವೇ ಹುರಿದು, ತಮ್ಮೂರ ಹೆಸರಿನಲ್ಲೇ ಹೊರಗೆ ಮಾರುವಷ್ಟು ಬಂಡವಾಳ ಬೇಕು. ರಫ್ತಿನ ಡಾಲರ್ ಲೆಕ್ಕ ಓದಿ ಚಪ್ಪಾಳೆ ಗಿಟ್ಟಿಸುವ ಮಂತ್ರಿಗಳು ಮೊದಲು ಆ ಸಾಲದ ಅರ್ಜಿಗೆ ಸಹಿ ಹಾಕಲಿ.