ವಾಯಿದೆಯ ದಿನ ಬಂಧುಗಳು ಎಲ್ಲಿರಬೇಕು?

ಮದುವೆ ಮುರಿದ ನೋವಿಗಿಂತ ಕೋರ್ಟಿನ ವರಾಂಡ ನನ್ನನ್ನು ಹೆಚ್ಚು ದಣಿಸಿತು. ಪ್ರತಿ ವಾಯಿದೆಗೂ ಮಗಳ ಅಪ್ಪನ ಜೊತೆ ಅವರ ಚಿಕ್ಕಪ್ಪ, ಅಕ್ಕ, ಭಾವ ಕಾರಿನಿಂದ ಇಳಿಯುತ್ತಿದ್ದರು. ಮೊದಲ ವರ್ಷವೇ ನಾವಿಬ್ಬರೂ ಕೋರ್ಟಿನ ಅಂಗಳದಲ್ಲಿ ನಿಂತು ಒಪ್ಪಿಕೊಂಡಿದ್ದೆವು: ಮಗಳು ನನ್ನ ಹತ್ತಿರ, ಭಾನುವಾರ ಅವರ ಹತ್ತಿರ. ಸಂಜೆ ಫೋನು ಬಂತು, 'ಚಿಕ್ಕಪ್ಪ ಒಪ್ತಿಲ್ಲ.' ಆ ಒಂದು ಮಾತಿಗೆ ಮೂರು ವರ್ಷ ಹೋಯಿತು.

ಜೀವನಾಂಶ ಕೇಳಿದಾಗ, ತೋಟ ಒಟ್ಟು ಕುಟುಂಬದ್ದು, ಪಹಣಿ ಇನ್ನೂ ತಾತನ ಹೆಸರಲ್ಲಿದೆ, ಹುಡುಗನಿಗೆ ಆದಾಯವೇ ಇಲ್ಲ ಎಂದು ಬರೆಸಿದರು. ನಾನು ತುರುವೇಕೆರೆ ಕಡೆಯ ತೋಟದ ಮನೆಯಲ್ಲಿ ಹುಟ್ಟಿ, ತಿಪಟೂರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಒಣಗಿ, ಅಲ್ಲಾಡಿಸಿದರೆ ಗಡಗಡ ಅಂದಾಗ ಉಂಡೆ ಕೊಬ್ಬರಿ. 2024ರಲ್ಲಿ ಅದರ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 12,000 ರೂಪಾಯಿ. ಅಟ್ಟ ತುಂಬಿರುವ ಮನೆ ಆದಾಯವಿಲ್ಲ ಅಂದರೆ ನಮ್ಮ ಸೀಮೆಯ ಮಕ್ಕಳೂ ನಂಬುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದು 2020ರ ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಹಿಡಿದು ಕೇಳಿದ ಮೇಲೆ ಲೆಕ್ಕ ಹೊರಗೆ ಬಂತು.

ನಮ್ಮ ಕಡೆಯವರೂ ಸುಮ್ಮನಿರಲಿಲ್ಲ. ಆ ಮನೆಯ ಏಳು ಜನರ ಹೆಸರನ್ನೂ ಸೇರಿಸಿ ಪೊಲೀಸ್ ದೂರು ಕೊಡು ಅಂದ ನಮ್ಮಣ್ಣ. ಹೊಡೆದವರಿದ್ದರೆ, ವರದಕ್ಷಿಣೆಗೆ ಪೀಡಿಸಿದವರಿದ್ದರೆ ಹೆಸರಿಟ್ಟು ದೂರು ಕೊಡಲೇಬೇಕು. ನನ್ನ ಮೇಲೆ ಅಲ್ಲಿ ಯಾರೂ ಕೈ ಮಾಡಿರಲಿಲ್ಲ. ನಿರ್ದಿಷ್ಟ ಆರೋಪವಿಲ್ಲದೆ ಗಂಡನ ಬಂಧುಗಳನ್ನು ಸಾರಾಸಗಟಾಗಿ ಕ್ರಿಮಿನಲ್ ಕೇಸಿಗೆ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. ಸುಳ್ಳು ಬರೆಯಲಾರೆ ಅಂದೆ. ಅಣ್ಣ ಆರು ತಿಂಗಳು ಮಾತು ಬಿಟ್ಟ.

ಆಮೇಲೆ ನಾನು ಹಿಡಿದ ದಾರಿ ಇಷ್ಟು. ಬಂಧುಗಳ ಫೋನಿಗೆ ಉತ್ತರ ಕೊಡಲಿಲ್ಲ. ಹೇಳುವುದಿದ್ದರೆ ವಕೀಲರ ಮೂಲಕ ಅಂದೆ. ಬಂದ ಮೆಸೇಜು, ಆಡಿದ ಮಾತು, ಮಗಳ ಫೀಸು ಎಲ್ಲವನ್ನೂ ತಾರೀಖು ಹಾಕಿ ನೋಟ್ ಬುಕ್ಕಿನಲ್ಲಿ ಬರೆದಿಟ್ಟೆ. ದುಡ್ಡು ಮುಗಿದಾಗ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಇದು ಗೊತ್ತಿಲ್ಲದೆ ಓಲೆ ಅಡವಿಟ್ಟವರು ನಮ್ಮಲ್ಲಿ ಎಷ್ಟೋ ಜನ.

ಕೊನೆಗೆ ದಾರಿ ತೆರೆದದ್ದು ಮಧ್ಯಸ್ಥಿಕೆಯ ಕೋಣೆ. ಬಂಧುಗಳು ಹೊರಗಿರಲಿ ಅಂದರು ಮಧ್ಯಸ್ಥರು. ಚಿಕ್ಕಪ್ಪ ಇಲ್ಲದ ಆ ಕೋಣೆಯಲ್ಲಿ ಮಗಳ ಅಪ್ಪ ಬಹಳ ದಿನದ ಮೇಲೆ ತಮ್ಮ ಮಾತು ತಾವೇ ಆಡಿದರು. ಜಗಳದ ಅರ್ಜಿ ಪರಸ್ಪರ ಒಪ್ಪಿಗೆಯ ಅರ್ಜಿಯಾಯಿತು. ಆರು ತಿಂಗಳು ಕಾಯಲೇಬೇಕೆಂಬುದು ಕಡ್ಡಾಯವಲ್ಲ ಎಂಬ 2017ರ ತೀರ್ಪು ಅಲ್ಲಿ ನೆರವಿಗೆ ಬಂತು.

ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಇಂಥ ವಿಚಾರಣೆ ಮುಚ್ಚಿದ ಬಾಗಿಲಲ್ಲೇ ನಡೆಯಬೇಕು ಅನ್ನುತ್ತದೆ. ಆ ಬಾಗಿಲ ಹೊರಗೂ ಬಂಧುಗಳಿಗೆ ಬೇಕಾದಷ್ಟು ಕೆಲಸವಿದೆ. ವಾಯಿದೆಯ ದಿನ ಮಗುವನ್ನು ಸ್ಕೂಲಿಂದ ಕರೆತನ್ನಿ. ಬಂದವರಿಗೆ ಊಟ ಕಟ್ಟಿಕೊಡಿ. ರಾಜಿಯ ಮಾತನ್ನು ಮಾತ್ರ ಆ ಇಬ್ಬರಿಗೇ ಬಿಡಿ.

ಚಿಕ್ಕನಾಯಕನಹಳ್ಳಿಯಲ್ಲಿರುವ, ಮಗಳ ಅಪ್ಪನ ದೊಡ್ಡಮ್ಮ ಇಷ್ಟೂ ವರ್ಷ ಕೇಸಿನ ಸುದ್ದಿಯನ್ನೇ ಎತ್ತಲಿಲ್ಲ. ಹಬ್ಬ ಬಂದರೆ ಬಸ್ಸು ಹತ್ತಿ ಬಂದು ಮಗಳ ಕೈಗೆ ಕೊಬ್ಬರಿ ಮಿಠಾಯಿ ಕೊಟ್ಟು, ತಲೆ ಬಾಚಿ ಹೋಗುತ್ತಿದ್ದರು. ಈಗಲೂ ಬರುತ್ತಾರೆ. ಆ ಮನೆಯಲ್ಲಿ ನನ್ನ ಮಗಳು ಅಜ್ಜಿ ಅಂತ ಕರೆಯುವುದು ಅವರೊಬ್ಬರನ್ನೇ.