ಹುಲಿ ಸಿಗದಿದ್ದರೂ ಕಾಡು ಕಾಡೇ

ನಾಗರಹೊಳೆಗೆ ಹೋಗಿಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ: ಹುಲಿ ಸಿಕ್ಕಿತಾ? ಸಿಗಲಿಲ್ಲವೆಂದರೆ ಸಫಾರಿಯ ದುಡ್ಡು ದಂಡ ಎಂಬ ಲೆಕ್ಕ.

ಲೆಕ್ಕವೇ ತಪ್ಪು. ಏಪ್ರಿಲ್, ಮೇ ತಿಂಗಳಲ್ಲಿ ಕಬಿನಿ ಹಿನ್ನೀರಿನ ಅಂಚಿಗೆ ಹೋಗಿ ನೋಡಬೇಕು. 1970ರ ದಶಕದಲ್ಲಿ ಕಟ್ಟಿದ ಅಣೆಕಟ್ಟು ಇಲ್ಲಿ ಕಾಡನ್ನೂ ಊರುಗಳನ್ನೂ ಮುಳುಗಿಸಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಆ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿ ನಿಂತಿರುವಾಗ ಆನೆಗಳು ಅದನ್ನರಸಿ ಬರುತ್ತವೆ. ಹಿರಿಯ ಹೆಣ್ಣಾನೆಯ ಬೆನ್ನಿಗೆ ಮರಿಗಳು, ದೂರದಲ್ಲೊಂದು ಒಂಟಿ ಸಲಗ. ಏಷ್ಯಾದ ಆನೆಗಳು ಹೀಗೆ ದೊಡ್ಡ ಸಂಖ್ಯೆಯಲ್ಲಿ ಬಯಲಲ್ಲಿ ಸೇರುವ ತಾಣಗಳು ಜಗತ್ತಿನಲ್ಲೇ ವಿರಳ.

ಅಷ್ಟರಲ್ಲಿ ಹುಲಿಯ ಸುಳಿವು ಸಿಕ್ಕರೆ ಜೀಪುಗಳು ಧೂಳೆಬ್ಬಿಸಿ ಅತ್ತ ಓಡುತ್ತವೆ. ಒಂದೇ ಪ್ರಾಣಿಯ ಮುಂದೆ ಸಾಲುಗಟ್ಟುತ್ತವೆ. ಬೇಗ ನಡಿ ಎಂದು ಚಾಲಕನ ಮೇಲೆ ಒತ್ತಡ ಹೇರುವವರು ಪ್ರವಾಸಿಗರೇ.

ಪ್ರಾಣಿಗಳಿಗಾಗಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರಕ್ಕೆ 2009ರಿಂದ ಕಡಿವಾಣ ಹಾಕಿದ ರಾಜ್ಯವಿದು. ಹಗಲಲ್ಲಿ ಒಂದು ಪ್ರಾಣಿಯ ಬಳಿ ಎಷ್ಟು ವಾಹನ, ಎಷ್ಟು ಹೊತ್ತು ಎಂಬುದಕ್ಕೂ ಅಷ್ಟೇ ಕಟ್ಟುನಿಟ್ಟು ಬೇಕು. ಜಿಂಕೆ, ಮುಸುವಗಳ ಎಚ್ಚರಿಕೆಯ ಕೂಗನ್ನು ಗುರುತಿಸಿ ವಿವರಿಸಬಲ್ಲ ಸ್ಥಳೀಯ ಜೇನುಕುರುಬ ಯುವಕ, ಯುವತಿಯರು ಪ್ರತಿ ಸಫಾರಿಯಲ್ಲೂ ಇರಬೇಕು, ತಕ್ಕ ಸಂಬಳದೊಂದಿಗೆ.